ಗುಂಡಿನ ಕಥೆ, ಕೋಟೆಯ ಪಾಠ

ವಿಜಯಪುರದ (ಹಿಂದಿನ ಬಿಜಾಪುರ) ಶೆರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪಿನ ಮುಂದೆ ನಿಂತಾಗ ನಮ್ಮ ಜೊತೆ ಪ್ರವಾಸಕ್ಕೆ ಬಂದಿದ್ದ ಒಂಬತ್ತನೇ ತರಗತಿಯ ಹುಡುಗನೊಬ್ಬ ಕೇಳಿದ: "ಸರ್, ತೋಪು ಇಷ್ಟು ದೊಡ್ಡದು. ಇದರ ಗುಂಡು ಎಷ್ಟು ಭಾರ ಇರಬಹುದು?" ನಾನು ಇತಿಹಾಸದ ಮೇಷ್ಟ್ರು. ತೋಪನ್ನು ಎರಕ ಹೊಯ್ದ ವರ್ಷ ಗೊತ್ತಿತ್ತು, ಹೊಯ್ದವನ ಹೆಸರು ಗೊತ್ತಿತ್ತು. ಗುಂಡಿನ ತೂಕ ಗೊತ್ತಿರಲಿಲ್ಲ. "ಲೆಕ್ಕ ಹಾಕಿ ಹೇಳುತ್ತೇನೆ" ಎಂದು ಜಾರಿಕೊಂಡೆ. ಆ ಲೆಕ್ಕ ಹಾಕಲು ಕುಳಿತಾಗ ಒಂದು ವಿಷಯ ಹೊಳೆಯಿತು. ನಾವು ಕೋಟೆಗಳ ಬಗ್ಗೆ ಓದುತ್ತೇವೆ, ಅರಸರ ಬಗ್ಗೆ ಓದುತ್ತೇವೆ. ಆದರೆ ಆ ಕೋಟೆಗಳ ಆಕಾರವನ್ನೇ ಬದಲಿಸಿದ, ಅರಸೊತ್ತಿಗೆಗಳ ಹಣೆಬರಹವನ್ನೇ ತಿದ್ದಿದ ಈ ಗುಂಡು ಎಂಬ ವಸ್ತುವಿನ ಬಗ್ಗೆ ನಮಗೆ ಗೊತ್ತಿರುವುದು ತೀರಾ ಕಡಿಮೆ. ಈ ಲೇಖನ ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರ.

ಮೂರು ಪದಾರ್ಥಗಳ ಪ್ರಯಾಣ

ಮದ್ದಿನ ಪುಡಿ ಎಂದರೆ ಮೂರೇ ವಸ್ತುಗಳು: ಪೆಟ್ಲುಪ್ಪು, ಗಂಧಕ ಮತ್ತು ಇದ್ದಿಲು. ನಂತರದ ಕಾಲದಲ್ಲಿ ನೆಲೆಗೊಂಡ ಅಳತೆಯಂತೆ ನೂರು ಪಾಲಿನಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಇದನ್ನು ಮೊದಲು ಕಂಡುಕೊಂಡವರು ಚೀನೀಯರು. ಕ್ರಿ.ಶ. 1044ರ ಚೀನೀ ಯುದ್ಧಶಾಸ್ತ್ರದ ಗ್ರಂಥವೊಂದರಲ್ಲಿ ಇದನ್ನು ತಯಾರಿಸುವ ವಿಧಾನ ಲಿಖಿತವಾಗಿ ಸಿಗುತ್ತದೆ. ಹದಿಮೂರನೇ ಶತಮಾನದಲ್ಲಿ ಈ ವಿದ್ಯೆ ಪಶ್ಚಿಮಕ್ಕೆ ಹರಿಯಿತು. ಅದೇ ಶತಮಾನದ ಕೊನೆಯ ಭಾಗದಲ್ಲಿ ಸಿರಿಯಾದ ಹಸನ್ ಅಲ್-ರಮ್ಮಾಹ್ ಎಂಬ ವಿದ್ವಾಂಸ ಪೆಟ್ಲುಪ್ಪನ್ನು ಶುದ್ಧೀಕರಿಸುವ ಕ್ರಮವನ್ನು ಅರಬಿಯಲ್ಲಿ ವಿವರವಾಗಿ ಬರೆದಿಟ್ಟ. ಶುದ್ಧವಲ್ಲದ ಪೆಟ್ಲುಪ್ಪು ಬೇಗ ತೇವ ಹೀರುತ್ತದೆ, ಸರಿಯಾಗಿ ಉರಿಯುವುದಿಲ್ಲ. ಹಾಗಾಗಿ ತೋಪಿನ ಇತಿಹಾಸದಲ್ಲಿ ಇದು ಸಣ್ಣ ಹೆಜ್ಜೆಯೇನಲ್ಲ. 1326ರ ಇಂಗ್ಲೆಂಡಿನ ಹಸ್ತಪ್ರತಿಯೊಂದರಲ್ಲಿ ಹೂಜಿಯಾಕಾರದ ತೋಪಿನ ಚಿತ್ರವಿದೆ. ಅದರ ಬಾಯಿಂದ ಹೊರಡುತ್ತಿರುವುದು ಗುಂಡಲ್ಲ, ಒಂದು ಬಾಣ! ಹೊಸ ಯಂತ್ರ ಕೈಗೆ ಬಂದರೂ ಮನುಷ್ಯನ ಮನಸ್ಸು ಹಳೆಯ ಬಾಣವನ್ನು ಬಿಟ್ಟಿರಲಿಲ್ಲ.

ನಾವು ಬಳಸುವ ಪದಗಳೂ ಈ ಪ್ರಯಾಣದ ಕಥೆ ಹೇಳುತ್ತವೆ. ತುರ್ಕಿ ಭಾಷೆಯಲ್ಲಿ 'ತೊಪ್' ಎಂದರೆ ಚೆಂಡು, ಗುಂಡು. ಅದೇ ಶಬ್ದ ಗುಂಡು ಹಾರಿಸುವ ಆಯುಧಕ್ಕೂ ಹೆಸರಾಯಿತು, ಪಾರಸಿ ಮತ್ತು ದಖನಿಯ ಮೂಲಕ ಕನ್ನಡದ 'ತೋಪು' ಆಯಿತು. 'ಫಿರಂಗಿ' ಎಂಬುದು ಫ್ರಾಂಕರು, ಅಂದರೆ ಯುರೋಪಿನವರನ್ನು ಸೂಚಿಸುವ ಶಬ್ದದಿಂದ ಬಂದದ್ದು. ಒಂದೇ ಆಯುಧಕ್ಕೆ ನಮ್ಮ ನುಡಿಯಲ್ಲಿರುವ ಎರಡು ಹೆಸರುಗಳಲ್ಲಿ ಒಂದು ತುರ್ಕಿಯ ದಾರಿ ತೋರಿಸುತ್ತದೆ, ಇನ್ನೊಂದು ಯುರೋಪಿನ ದಾರಿ ತೋರಿಸುತ್ತದೆ.

ಕಲ್ಲಿನ ಗುಂಡು, ಕಬ್ಬಿಣದ ಗುಂಡು

ಆರಂಭದ ದೊಡ್ಡ ತೋಪುಗಳು ಹಾರಿಸುತ್ತಿದ್ದುದು ಕಲ್ಲಿನ ಗುಂಡುಗಳನ್ನು. ಕಲ್ಲುಕುಟಿಗ ಬಂಡೆಯ ತುಂಡನ್ನು ಕೆತ್ತಿ ಕೆತ್ತಿ ಉರುಟು ಮಾಡಬೇಕು, ನಳಿಗೆಯ ಅಳತೆಗೆ ಸರಿಹೋಗುತ್ತದೆಯೇ ಎಂದು ನೋಡಬೇಕು. ಗುಂಡು ಸ್ವಲ್ಪ ದೊಡ್ಡದಾದರೆ ಒಳಗೆ ಸಿಕ್ಕಿಕೊಂಡು ತೋಪೇ ಸಿಡಿದೀತು. ಚಿಕ್ಕದಾದರೆ ಸುತ್ತಲಿನ ಸಂದಿನಿಂದ ಹೊಗೆ ನುಗ್ಗಿ ಹೋಗಿ ಮದ್ದಿನ ಬಲ ವ್ಯರ್ಥ. ಒಂದು ಗುಂಡಿಗೆ ನುರಿತ ಕೆಲಸಗಾರನ ಎಷ್ಟೋ ಹೊತ್ತಿನ ದುಡಿಮೆ ಬೇಕಿತ್ತು.

ಇಲ್ಲಿ ಗಣಿತ ಓದುವ ವಿದ್ಯಾರ್ಥಿಗಳು ಸ್ವಲ್ಪ ಗಮನ ಕೊಡಬೇಕು. 20 ಸೆಂಟಿಮೀಟರ್ ವ್ಯಾಸದ ಗೋಳದ ಘನಫಲ ಸುಮಾರು 4,190 ಘನ ಸೆಂ.ಮೀ. ಗ್ರಾನೈಟ್ ಕಲ್ಲು ನೀರಿಗಿಂತ ಸುಮಾರು 2.7 ಪಟ್ಟು ಭಾರ. ಆದ್ದರಿಂದ ಈ ಗುಂಡಿನ ತೂಕ 11 ಕಿಲೋಗ್ರಾಂಗಿಂತ ಸ್ವಲ್ಪ ಹೆಚ್ಚು. ಅದೇ ಗಾತ್ರದ ಎರಕದ ಕಬ್ಬಿಣದ ಗುಂಡಾದರೆ ಸುಮಾರು 30 ಕಿಲೋ. ಇನ್ನು ವ್ಯಾಸವನ್ನು ಎರಡರಷ್ಟು, ಅಂದರೆ 40 ಸೆಂ.ಮೀ. ಮಾಡಿದರೆ ತೂಕ ಎರಡರಷ್ಟಲ್ಲ, ಎಂಟರಷ್ಟಾಗುತ್ತದೆ. ಕಲ್ಲಿನ ಗುಂಡೇ 90 ಕಿಲೋ ದಾಟುತ್ತದೆ. ದೊಡ್ಡ ತೋಪು ಬೇಕೆಂದ ಅರಸರಿಗೆ ಈ ಎಂಟರ ಲೆಕ್ಕವೇ ದೊಡ್ಡ ತಲೆನೋವು. ಭಾರ ಹೆಚ್ಚಾದಂತೆ ಮದ್ದು ಹೆಚ್ಚು ಬೇಕು, ಮದ್ದು ಹೆಚ್ಚಾದಂತೆ ನಳಿಗೆ ದಪ್ಪವಾಗಬೇಕು, ನಳಿಗೆ ದಪ್ಪವಾದಂತೆ ಎಳೆಯುವ ಎತ್ತುಗಳು ಹೆಚ್ಚಬೇಕು.

ಕಲ್ಲಿನ ಗುಂಡಿಗೆ ಇನ್ನೊಂದು ದೋಷವಿತ್ತು. ಕಲ್ಲಿನ ಗೋಡೆಗೆ ಬಡಿದಾಗ ಎಷ್ಟೋ ಸಲ ಅದೇ ಚೂರಾಗುತ್ತಿತ್ತು. ಕಬ್ಬಿಣದ ಗುಂಡು ಹಾಗಲ್ಲ. ಗಾತ್ರದಲ್ಲಿ ಚಿಕ್ಕದಾಗಿದ್ದರೂ ಪೆಟ್ಟು ಗಟ್ಟಿ. 1494ರಲ್ಲಿ ಫ್ರಾನ್ಸಿನ ಎಂಟನೇ ಚಾರ್ಲ್ಸ್ ಇಟಲಿಯ ಮೇಲೆ ದಂಡೆತ್ತಿ ಹೋದಾಗ ಗಾಲಿಗಳ ಮೇಲೆ ಸಾಗುವ ಕಂಚಿನ ತೋಪುಗಳನ್ನೂ ಕಬ್ಬಿಣದ ಗುಂಡುಗಳನ್ನೂ ಒಯ್ದಿದ್ದ. ಇಟಲಿಯ ಎತ್ತರದ, ತೆಳ್ಳನೆಯ ಹಳೆಯ ಕೋಟೆಗೋಡೆಗಳು ಅವುಗಳ ಮುಂದೆ ನಿಲ್ಲಲಿಲ್ಲ. ನಮ್ಮ ಕಡೆ ಕಬ್ಬಿಣವನ್ನು ನೀರಿನಂತೆ ಕರಗಿಸಿ ಅಚ್ಚಿಗೆ ಸುರಿಯುವ ದೊಡ್ಡ ಕುಲುಮೆಗಳ ರೂಢಿ ಇರಲಿಲ್ಲ. ಇಲ್ಲಿನ ಕಮ್ಮಾರರು ಕಾದ ಕಬ್ಬಿಣವನ್ನು ಬಡಿದು ಬಡಿದು ಗುಂಡಾಗಿಸುತ್ತಿದ್ದರು. ಕಲ್ಲಿನ ಗುಂಡುಗಳೂ ಬಹಳ ಕಾಲ ಬಳಕೆಯಲ್ಲಿದ್ದವು.

ಕಾನ್‌ಸ್ಟಾಂಟಿನೋಪಲ್ ಗೋಡೆಯ ಮುಂದೆ

ಕೋಟೆ ಮತ್ತು ತೋಪಿನ ಹೋರಾಟದಲ್ಲಿ 1453 ಮರೆಯಲಾಗದ ವರ್ಷ. ಹಂಗೇರಿಯ ಅರ್ಬನ್ ಎಂಬ ಎರಕದ ಕುಶಲಿ ಮೊದಲು ತನ್ನ ವಿದ್ಯೆಯನ್ನು ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಗೇ ಮಾರಲು ಹೋಗಿದ್ದ. ಖಜಾನೆ ಬರಿದಾಗಿದ್ದ ಚಕ್ರವರ್ತಿ ಅವನಿಗೆ ತಕ್ಕ ಸಂಬಳ ಕೊಡಲಾರದೆ ಹೋದ. ಅರ್ಬನ್ ತರುಣ ಸುಲ್ತಾನ್ ಎರಡನೇ ಮೆಹಮದನ ಬಳಿಗೆ ಹೋದ. ಅವನು ಹೊಯ್ದುಕೊಟ್ಟ ಕಂಚಿನ ದೈತ್ಯ ತೋಪು ದಿನಕ್ಕೆ ಹಾರಿಸುತ್ತಿದ್ದುದು ಕೆಲವೇ ಗುಂಡುಗಳನ್ನು. ಆದರೆ ಸಾವಿರ ವರ್ಷ ಶತ್ರುಗಳನ್ನು ತಡೆದಿದ್ದ ಆ ನಗರದ ಗೋಡೆ ಏಪ್ರಿಲ್‌ನಿಂದ ಮೇ 29ರವರೆಗಿನ ಮುತ್ತಿಗೆಯಲ್ಲಿ ಜಖಂಗೊಂಡು ನಗರ ಬಿದ್ದಿತು.

ಹನ್ನೊಂದು ವರ್ಷಗಳ ನಂತರ, 1464ರಲ್ಲಿ, ಮುನೀರ್ ಅಲಿ ಎಂಬ ಉಸ್ತಾದ್ ಅದೇ ಬಗೆಯ ಇನ್ನೊಂದು ತೋಪು ಹೊಯ್ದ. ಸಾಗಿಸಲು ಅನುಕೂಲವಾಗಲೆಂದು ಅದನ್ನು ಎರಡು ಭಾಗಗಳಲ್ಲಿ ಮಾಡಿ ತಿರುಪಿನಂತೆ ಜೋಡಿಸುವ ವ್ಯವಸ್ಥೆ ಇಟ್ಟಿದ್ದ. ಇಂಥ ಹಳೆಯ ತೋಪುಗಳು 1807ರಲ್ಲೂ ಡಾರ್ಡನೆಲ್ಸ್ ಜಲಸಂಧಿಯಲ್ಲಿ ಬ್ರಿಟಿಷ್ ಹಡಗುಗಳ ಮೇಲೆ ಕಲ್ಲಿನ ಗುಂಡು ಹಾರಿಸಿದವು! ಮುನೀರ್ ಅಲಿಯ ತೋಪನ್ನು 1866ರಲ್ಲಿ ಸುಲ್ತಾನ್ ಅಬ್ದುಲ್ ಅಜೀಜ್ ವಿಕ್ಟೋರಿಯಾ ರಾಣಿಗೆ ಉಡುಗೊರೆಯಾಗಿ ಕಳಿಸಿದ. ಅದು ಈಗ ಇಂಗ್ಲೆಂಡಿನ ಫೋರ್ಟ್ ನೆಲ್ಸನ್‌ನಲ್ಲಿದೆ.

ಈ ಉಸ್ಮಾನಿ ಸಾಮ್ರಾಜ್ಯದ ತೋಪುವಿದ್ಯೆ ಬಲ್ಲವರೇ ಮುಂದೆ ಕೆಲಸ ಹುಡುಕಿಕೊಂಡು ಹಿಂದೂಸ್ತಾನಕ್ಕೂ ದಖನಿಗೂ ಬಂದರು. ಅವರನ್ನು ಇಲ್ಲಿ 'ರೂಮಿ' ಎಂದು ಕರೆದರು. ಗುಜರಾತ್ ಮತ್ತು ದಖನಿನ ಚರಿತ್ರೆಯಲ್ಲಿ 'ರೂಮಿ ಖಾನ್' ಎಂಬ ಬಿರುದು ಮತ್ತೆ ಮತ್ತೆ ಕಾಣಿಸುವುದು ಇದೇ ಕಾರಣಕ್ಕೆ.

ದಖನಿಗೆ ಮದ್ದು ಬಂದದ್ದು

ಬಹಮನಿ ಸುಲ್ತಾನ ಒಂದನೇ ಮಹಮ್ಮದ್ ಶಾಹ 1360ರ ದಶಕದ ವಿಜಯನಗರ ಯುದ್ಧದಲ್ಲಿಯೇ ತೋಪು ಬಳಸಿದ ಎಂದು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಆದರೆ ಫೆರಿಶ್ತಾ ಬಿಜಾಪುರದಲ್ಲಿ ಕುಳಿತು ಇದನ್ನು ಬರೆದದ್ದು ಸುಮಾರು 240 ವರ್ಷಗಳ ನಂತರ. ತನ್ನ ಕಾಲದ ಆಯುಧವನ್ನು ಹಿಂದಿನ ಕಾಲಕ್ಕೆ ಆತ ಹೊಂದಿಸಿರಬಹುದೆಂದು ಹಲವು ವಿದ್ವಾಂಸರು ಈ ಮಾತನ್ನು ಒಪ್ಪುವುದಿಲ್ಲ. ಹೆಚ್ಚು ಖಚಿತವಾದದ್ದು ಬಹಮನಿಗಳ ವಜೀರ ಖ್ವಾಜಾ ಮಹಮೂದ್ ಗವಾನನ ಬೆಳಗಾವಿ ಮುತ್ತಿಗೆ. 1470ರ ದಶಕದ ಆರಂಭದಲ್ಲಿ ನಡೆದ ಆ ಮುತ್ತಿಗೆಯಲ್ಲಿ ಗೋಡೆಯ ಬುಡಕ್ಕೆ ಸುರಂಗ ತೋಡಿಸಿ, ಮದ್ದು ತುಂಬಿ ಸಿಡಿಸಲಾಯಿತು. ದಖನಿನಲ್ಲಿ ಅದು ಹೊಸ ತಂತ್ರ.

ಇದೇ ಗವಾನ್ 1472ರಲ್ಲಿ ಬೀದರಿನಲ್ಲಿ ತನ್ನ ಹೆಸರಾಂತ ಮದ್ರಸಾ ಕಟ್ಟಿಸಿದ. ಮೂರು ಅಂತಸ್ತು, ಬಣ್ಣದ ಹೆಂಚುಗಳ ಮುಂಭಾಗ, ಎರಡು ಮಿನಾರುಗಳು, ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಕೊಠಡಿಗಳು, ಮೂರು ಸಾವಿರ ಗ್ರಂಥಗಳಿದ್ದವೆಂದು ಹೇಳುವ ಗ್ರಂಥಾಲಯ. ಒಬ್ಬನೇ ಮನುಷ್ಯ, ಒಂದೇ ಕಾಲ. ಒಂದು ಕೈಯಲ್ಲಿ ಮದ್ದು, ಇನ್ನೊಂದು ಕೈಯಲ್ಲಿ ಪುಸ್ತಕ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಕೊನೆಯಲ್ಲಿ ಮತ್ತೆ ಇಲ್ಲಿಗೇ ಬರುತ್ತೇವೆ.

ರಾಯಚೂರು: ಸೋತವರು ಕಲಿತ ಪಾಠ

1520ರ ಮೇ ತಿಂಗಳಲ್ಲಿ ರಾಯಚೂರಿಗಾಗಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್ ಶಾಹನಿಗೂ ಯುದ್ಧವಾಯಿತು. ಪೋರ್ಚುಗೀಸ್ ವ್ಯಾಪಾರಿ ನುನಿಜ್ ಇದರ ದೀರ್ಘ ವಿವರಣೆ ಬರೆದಿದ್ದಾನೆ. ಕೃಷ್ಣಾ ನದಿ ದಾಟಿ ಬಂದ ಆದಿಲ್ ಶಾಹನ ಬಳಿ ದೊಡ್ಡ ತೋಪುಪಡೆ ಇತ್ತು. ಮೊದಲ ಹೊಡೆತಕ್ಕೆ ವಿಜಯನಗರದ ಮುಂಚೂಣಿ ಚೆಲ್ಲಾಪಿಲ್ಲಿಯಾಯಿತು. ಆದರೆ ಆ ಕಾಲದ ತೋಪಿಗೆ ಮತ್ತೆ ಮದ್ದು ತುಂಬಲು ಬಹಳ ಹೊತ್ತು ಬೇಕು. ನಳಿಗೆ ಒರೆಸಬೇಕು, ಮದ್ದು ಜಡಿಯಬೇಕು, ಗುಂಡು ಇಳಿಸಬೇಕು. ರಾಯನು ಚದುರಿದ ಸೈನ್ಯವನ್ನು ಒಗ್ಗೂಡಿಸಿ ತಿರುಗಿ ಬಿದ್ದಾಗ ತೋಪುಗಳು ಅವನನ್ನು ತಡೆಯಲಿಲ್ಲ. ಆದಿಲ್ ಶಾಹ ನದಿ ದಾಟಿ ಪಾರಾದ. ನೂರಾರು ತೋಪುಗಳು ರಾಯನ ವಶವಾದವು.

ಕೋಟೆಯ ಕಥೆಯೂ ಇದೇ ಪಾಠ ಹೇಳುತ್ತದೆ. ರಾಯಚೂರಿನ ಗೋಡೆಯ ಮೇಲೆ ಬೇಕಾದಷ್ಟು ತೋಪುಗಳಿದ್ದವು. ಆದರೆ ದೂರಕ್ಕೆ ಗುರಿಯಿಟ್ಟ ಅವುಗಳನ್ನು ಗೋಡೆಯ ಬುಡಕ್ಕೆ ಬಾಗಿಸಲು ಬರುತ್ತಿರಲಿಲ್ಲ. ರಾಯನ ಸೈನಿಕರು ಬುಡಕ್ಕೇ ನುಗ್ಗಿ ಹಾರೆ ಗುದ್ದಲಿಗಳಿಂದ ಕಲ್ಲು ಕೀಳತೊಡಗಿದರು. ರಾಯನ ಕಡೆ ಸೇರಿದ್ದ ಕೆಲವು ಪೋರ್ಚುಗೀಸ್ ಬಂದೂಕಿನವರು ಗೋಡೆಯ ಮೇಲೆ ತಲೆ ಎತ್ತಿದವರನ್ನೆಲ್ಲ ಗುರಿಯಿಟ್ಟು ಹೊಡೆದರು. ಇಣುಕಿ ನೋಡಿದ ಕೋಟೆಯ ಅಧಿಕಾರಿಯ ಹಣೆಗೇ ಗುಂಡು ತಗುಲಿತು. ಮರುದಿನ ಕೋಟೆ ಶರಣಾಯಿತು.

ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ ಇಲ್ಲಿ ಒಂದು ಮುಖ್ಯ ವಿಷಯದತ್ತ ಗಮನ ಸೆಳೆದಿದ್ದಾರೆ. ತೋಪುಗಳಿದ್ದೂ ಸೋತ ಬಿಜಾಪುರದವರು ಸುಮ್ಮನೆ ಕೂರಲಿಲ್ಲ. ಮುಂದಿನ ದಶಕಗಳಲ್ಲಿ ತೋಪನ್ನು ಎಡಬಲಕ್ಕೂ ಮೇಲೆ ಕೆಳಗೂ ತಿರುಗಿಸಬಲ್ಲ ಕವಲುಗೂಟಗಳನ್ನು ರೂಪಿಸಿದರು. ಕೊತ್ತಳಗಳನ್ನು ತೋಪಿಗೆ ತಕ್ಕಂತೆ ಕಟ್ಟಿದರು. ಯಾದಗಿರಿಯಂಥ ಕೋಟೆಗಳಲ್ಲಿ ಈ ಬದಲಾವಣೆಯ ಗುರುತುಗಳಿವೆ. ತೋಪುಗಳನ್ನು ಎದುರಿಸಿ ಗೆದ್ದ ವಿಜಯನಗರ ಈ ಹೊಸ ವಿದ್ಯೆಗೆ ಅಷ್ಟು ಮಹತ್ವ ಕೊಡಲಿಲ್ಲ. 45 ವರ್ಷಗಳ ನಂತರ, 1565ರ ಜನವರಿಯಲ್ಲಿ, ತಾಳಿಕೋಟೆ ಎಂದು ನಾವು ಕರೆಯುವ ರಕ್ಕಸಗಿ-ತಂಗಡಗಿ ಯುದ್ಧದಲ್ಲಿ ಅಹಮದನಗರದ ತೋಪುಪಡೆಯ ಮುಖ್ಯಸ್ಥ ಚೆಲೆಬಿ ರೂಮಿ ಖಾನ್ 600 ತೋಪುಗಳನ್ನು ಮೂರು ಸಾಲುಗಳಲ್ಲಿ ನಿಲ್ಲಿಸಿದ್ದನೆಂದೂ ಕೊನೆಗೆ ನಳಿಗೆಗಳಿಗೆ ತಾಮ್ರದ ನಾಣ್ಯಗಳ ಚೀಲಗಳನ್ನೇ ತುಂಬಿ ಹಾರಿಸಿದನೆಂದೂ ಫೆರಿಶ್ತಾ ಹೇಳುತ್ತಾನೆ. ಗೆಲುವು ಕೆಲವೊಮ್ಮೆ ಮನುಷ್ಯನನ್ನು ಮಲಗಿಸುತ್ತದೆ, ಸೋಲು ಎಬ್ಬಿಸುತ್ತದೆ.

ಬಿಜಾಪುರದ ಬುರುಜುಗಳು

ಮಲಿಕ್-ಎ-ಮೈದಾನ್, ಅಂದರೆ ರಣರಂಗದ ಒಡೆಯ. ಇದನ್ನು 1549ರಲ್ಲಿ ಅಹಮದನಗರದಲ್ಲಿ ಬುರ್ಹಾನ್ ನಿಜಾಮ್ ಶಾಹನಿಗಾಗಿ ಹೊಯ್ದವನು ಮಹಮ್ಮದ್ ಬಿನ್ ಹಸನ್ ರೂಮಿ. ಸುಮಾರು ನಾಲ್ಕು ಪಾಲು ತಾಮ್ರಕ್ಕೆ ಒಂದು ಪಾಲು ತವರ ಬೆರೆತ ಗಂಟೆಯ ಲೋಹ. ಉದ್ದ 14 ಅಡಿಗಿಂತ ಸ್ವಲ್ಪ ಹೆಚ್ಚು, ದಪ್ಪ ಸುಮಾರು 5 ಅಡಿ, ತೂಕ ಸುಮಾರು 55 ಟನ್ ಎಂದು ಅಂದಾಜು. ಬಾಯಿಯನ್ನು ಆನೆಯನ್ನು ನುಂಗುತ್ತಿರುವ ಸಿಂಹದ ಮುಖದಂತೆ ರೂಪಿಸಲಾಗಿದೆ. 1632ರಲ್ಲಿ ಪರಂಡಾ ಕೋಟೆಯಿಂದ ಇದನ್ನು ಬಿಜಾಪುರಕ್ಕೆ ತರಿಸಿದವನು ಆದಿಲ್ ಶಾಹನ ಸೇನಾನಿ ಮುರಾರಿ ಪಂಡಿತ. ನೂರಾರು ಎತ್ತುಗಳು, ಹತ್ತು ಆನೆಗಳು ಎಳೆದವೆಂದು ಪ್ರತೀತಿ.

ಈಗ ಆ ಹುಡುಗನ ಪ್ರಶ್ನೆಗೆ ಉತ್ತರ. ನಳಿಗೆಯ ಒಳ ಅಗಲ ಸುಮಾರು 70 ಸೆಂ.ಮೀ. ಗುಂಡಿನ ವ್ಯಾಸ 68 ಸೆಂ.ಮೀ. ಎಂದಿಟ್ಟುಕೊಂಡರೆ ಕಲ್ಲಿನ ಗುಂಡು 440 ಕಿಲೋ, ಅಂದರೆ ನಾಲ್ಕು ಕ್ವಿಂಟಲ್‌ಗೂ ಹೆಚ್ಚು. ಕಬ್ಬಿಣದ್ದಾದರೆ ಒಂದು ಟನ್ ದಾಟುತ್ತದೆ. ಇದನ್ನು ಎತ್ತಿ ಬಾಯಿಗೆ ಇಡುವುದಕ್ಕೇ ಎಷ್ಟು ಜನ ಬೇಕು, ಎಷ್ಟು ಹೊತ್ತು ಬೇಕು ಎಂದು ಊಹಿಸಿ.

ಅದೇ ಊರಿನ ಉಪ್ಪಲಿ ಬುರುಜು ಇನ್ನೊಂದು ಬಗೆಯ ಜಾಣ್ಮೆ. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ ಈ ದುಂಡನೆಯ ಬುರುಜು ಸುಮಾರು 80 ಅಡಿ ಎತ್ತರ, ಹೊರಗಿನಿಂದ ಸುತ್ತಿ ಹತ್ತುವ ಮೆಟ್ಟಿಲು. ಮೇಲಿರುವ ಲಂಬಚರಿ ತೋಪಿನ ಉದ್ದ 30 ಅಡಿಗೂ ಹೆಚ್ಚು. ಇದು ಎರಕದ್ದಲ್ಲ. ಉದ್ದುದ್ದ ಕಬ್ಬಿಣದ ಪಟ್ಟಿಗಳನ್ನು ಕೊಳವೆಯಂತೆ ಜೋಡಿಸಿ, ಅವುಗಳ ಮೇಲೆ ಕೆಂಪಗೆ ಕಾದ ಬಳೆಗಳನ್ನು ತೊಡಿಸಿ ಬಡಿದು ಕೂಡಿಸಿದ್ದು. ಎತ್ತಿನ ಗಾಡಿಯ ಗಾಲಿಗೆ ಕಾದ ಹಳಿ ಕಟ್ಟುವುದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ತಣಿದಾಗ ಬಳೆ ಕುಗ್ಗಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಗಾಡಿ ಮಾಡುವವನ ವಿದ್ಯೆಯೂ ತೋಪು ಮಾಡುವವನ ವಿದ್ಯೆಯೂ ಒಂದೇ ಕುಲುಮೆಯ ಮಕ್ಕಳು.

ಆದರೆ ಇಷ್ಟೆಲ್ಲ ಇದ್ದೂ ಬಿಜಾಪುರ ಉಳಿಯಲಿಲ್ಲ. 1685ರಲ್ಲಿ ಆರಂಭವಾದ ಔರಂಗಜೇಬನ ಮುತ್ತಿಗೆ ಹದಿನೇಳು ತಿಂಗಳು ನಡೆಯಿತು. ಗೋಡೆಗಳು ತೋಪಿನ ಪೆಟ್ಟು ತಿಂದೂ ನಿಂತವು. ಒಳಗಿನವರನ್ನು ಮಣಿಸಿದ್ದು ಹಸಿವು. 1686ರ ಸೆಪ್ಟೆಂಬರ್ 12ರಂದು ಸಿಕಂದರ್ ಆದಿಲ್ ಶಾಹ ಶರಣಾದ. ಮುಂದೆ 1854ರಲ್ಲಿ ಬ್ರಿಟಿಷರ ಕಾಲದಲ್ಲಿ ಮಲಿಕ್-ಎ-ಮೈದಾನ್ ತೋಪನ್ನು ಹಳೆಯ ಲೋಹವೆಂದು ಹರಾಜಿಗೆ ಇಟ್ಟಾಗ ಬಂದ ಬೆಲೆ 150 ರೂಪಾಯಿ! ಹರಾಜು ರದ್ದಾದದ್ದರಿಂದ ತೋಪು ನಮಗೆ ಉಳಿಯಿತು.

ಮತ್ತೆ ಬೀದರಿಗೆ

ಮದ್ದು ಶತ್ರುವನ್ನು ಮಾತ್ರ ಸುಡುವುದಿಲ್ಲ. 1657ರಲ್ಲಿ ಔರಂಗಜೇಬ್ ಬೀದರ್ ಕೋಟೆಗೆ ಮುತ್ತಿಗೆ ಹಾಕಿದಾಗ ಬಂಡೆಯಲ್ಲಿ ಕೊರೆದ ಮೂರು ಸಾಲಿನ ಕಂದಕ ದಾಳಿಕೋರರನ್ನು ತಡೆದು ನಿಲ್ಲಿಸಿತ್ತು. ಕೊನೆಗೆ ಬುರುಜಿನ ಹಿಂದೆ ಕೂಡಿಟ್ಟಿದ್ದ ಮದ್ದಿಗೆ ಕಿಡಿ ಬಿದ್ದು ಸಿಡಿಯಿತು. ಕೋಟೆಯನ್ನು ಕಾಯುತ್ತಿದ್ದ ವೃದ್ಧ ಸಿದ್ದಿ ಮರ್ಜಾನ್ ತನ್ನ ಮಕ್ಕಳೊಂದಿಗೆ ಸುಟ್ಟು ಗಾಯಗೊಂಡು ಪ್ರಾಣಬಿಟ್ಟ. ಕೋಟೆ ಮೊಘಲರದಾಯಿತು.

ಆಮೇಲೆ ನಡೆದದ್ದು ಇನ್ನೂ ನೋವಿನದು. ಗವಾನನ ಮದ್ರಸಾ ಸೈನಿಕರ ಬಿಡಾರವಾಯಿತು. ಅದರ ಕೊಠಡಿಗಳಲ್ಲಿ ಮದ್ದು ತುಂಬಿಟ್ಟರು. 1695-96ರ ಸುಮಾರಿಗೆ ಸಿಡಿಲು ಬಡಿದು ಆ ಮದ್ದು ಸಿಡಿಯಿತೆಂದು ಹೇಳುತ್ತಾರೆ. ಮುಂಭಾಗದ ಅರ್ಧ ಕುಸಿಯಿತು, ಎರಡು ಮಿನಾರುಗಳಲ್ಲಿ ಒಂದು ನೆಲಕ್ಕೆ ಬಿತ್ತು. ಇಂದು ಬೀದರಿಗೆ ಹೋದರೆ ಒಂಟಿ ಮಿನಾರು ಕಾಣುತ್ತದೆ, ಅದರ ಪಕ್ಕದಲ್ಲಿ ಹೆಂಚಿನ ಬಣ್ಣ ಇನ್ನೂ ಮಾಸದೆ ಉಳಿದಿರುವ ಅರ್ಧ ಗೋಡೆ. ಶತ್ರುವಿನ ಗುಂಡಿನಿಂದ ಬಿದ್ದ ಕಟ್ಟಡವಲ್ಲ ಅದು. ಪುಸ್ತಕ ಇರಬೇಕಾದ ಜಾಗದಲ್ಲಿ ಮದ್ದು ಇಟ್ಟವರ ಕೈಯಿಂದ ಬಿದ್ದದ್ದು.

ವಿದ್ಯಾರ್ಥಿ ಮಿತ್ರರೇ, ಕೋಟೆಗಳ ಇತಿಹಾಸವನ್ನು ಇಂದು ಅನೇಕರು 'ನಮ್ಮವರು ಗೆದ್ದರು, ಅವರು ಸೋತರು' ಎಂದು ಓದುತ್ತಾರೆ. ಆದರೆ ಈ ಗುಂಡಿನ ಕಥೆಯಲ್ಲಿ ಯಾರು ಯಾರ ಕಡೆ ಇದ್ದರು ನೋಡಿ. ಸುಲ್ತಾನನಿಗೆ ತೋಪು ಹೊಯ್ದವನು ಹಂಗೇರಿಯ ಕ್ರೈಸ್ತ. ರಾಯನ ಪರವಾಗಿ ಬಂದೂಕು ಹಿಡಿದವರು ಪೋರ್ಚುಗೀಸರು. ಆದಿಲ್ ಶಾಹಿಗೆ ತೋಪು ತಂದುಕೊಟ್ಟವನು ಒಬ್ಬ ಪಂಡಿತ. ಬೀದರನ್ನು ಕಾಯುತ್ತಾ ಸತ್ತವನು ಆಫ್ರಿಕಾ ಮೂಲದ ಸಿದ್ದಿ, ಅವನನ್ನು ಮುತ್ತಿದವನು ಅವನದೇ ಧರ್ಮದ ಶಾಹಜಾದೆ. ವಿದ್ಯೆಗೆ ಜಾತಿಯಿರಲಿಲ್ಲ, ಮದ್ದಿಗೂ ಇರಲಿಲ್ಲ. ಕಲಿಯುವುದನ್ನು ಬಿಟ್ಟವರು ಯಾರೇ ಆಗಲಿ, ಹಿಂದೆ ಬಿದ್ದರು.

ಮುಂದಿನ ಸಲ ಬೀದರ್, ಕಲಬುರಗಿ, ರಾಯಚೂರು ಅಥವಾ ವಿಜಯಪುರಕ್ಕೆ ಹೋದಾಗ ತೋಪಿನ ಮೇಲೆ ಹತ್ತಿ ಕೂತು ಫೋಟೋ ತೆಗೆಸಿಕೊಳ್ಳಬೇಡಿ. ಒಂದು ಅಳತೆ ಪಟ್ಟಿ, ಒಂದು ನೋಟ್ ಪುಸ್ತಕ ಒಯ್ಯಿರಿ. ನಳಿಗೆಯ ಅಗಲ ಅಳೆಯಿರಿ, ಗುಂಡಿನ ತೂಕ ಲೆಕ್ಕ ಹಾಕಿ, ಗೋಡೆಯ ದಪ್ಪ ಬರೆದುಕೊಳ್ಳಿ. ನನ್ನನ್ನು ಪ್ರಶ್ನೆ ಕೇಳಿದ ಆ ಹುಡುಗ ಈಗ ಡಿಪ್ಲೊಮಾ ಮುಗಿಸಿ ಎರಕದ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದಾನೆ. ನೀರಿನ ಪಂಪಿನ ಭಾಗಗಳನ್ನು ಹೊಯ್ಯುತ್ತಾನೆ. ಲೋಹ ಅದೇ, ಕುಲುಮೆ ಅದೇ. ಹೊಯ್ಯುವುದು ಏನನ್ನು ಎಂಬುದಷ್ಟೇ ನಮ್ಮ ಕೈಯಲ್ಲಿರುವುದು.